ನಾಲ್ಕು ತಾಲ್ಲೂಕುಗಳ ದಾರಿಯಲ್ಲಿ ರಸ್ತೆಯ ಪಾಠ

ಶ್ರೀರಂಗಪಟ್ಟಣಕ್ಕೆ ಬರುವ ಶಾಲಾ ಪ್ರವಾಸದ ಬಸ್ಸುಗಳು ಸಾಮಾನ್ಯವಾಗಿ ನಿಲ್ಲುವುದು ರಂಗನಾಥಸ್ವಾಮಿ ದೇವಾಲಯ, ದರಿಯಾ ದೌಲತ್, ಗುಂಬಜ್ ಮತ್ತು ಸಂಗಮದಲ್ಲಿ. ಊರಿನ ಉತ್ತರಕ್ಕೆ ಕಾವೇರಿಯ ಕವಲಿನ ಮೇಲೆ ನಿಂತಿರುವ ಹಳೆಯ ಕಲ್ಲಿನ ಸೇತುವೆಯನ್ನು ನಿಂತು ನೋಡುವವರು ಕಡಿಮೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ಈ ಸೇತುವೆಗೆ ಅಂದಿನ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿದೆ. ಇದರಲ್ಲಿ ಕಮಾನುಗಳಿಲ್ಲ. ಕಲ್ಲುಕಂಬಗಳ ಸಾಲು, ಕಂಬದ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ಕಲ್ಲಿನ ತೊಲೆ. ನೋಡಿದರೆ ದೇವಸ್ಥಾನದ ಮಂಟಪವನ್ನೇ ಹೊಳೆಗೆ ಅಡ್ಡಲಾಗಿ ಉದ್ದಕ್ಕೆ ಕಟ್ಟಿದಂತಿದೆ.

ಕಂಬಗಳು ಇಷ್ಟು ಹತ್ತಿರ ಹತ್ತಿರ ಏಕಿವೆ? ತೊಲೆಯ ಮೇಲೆ ಭಾರ ಬಿದ್ದಾಗ ಅದರ ಮೇಲ್ಭಾಗ ಒತ್ತಲ್ಪಡುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ. ಕಲ್ಲು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳದು. ಆದ್ದರಿಂದ ಕಲ್ಲಿನ ತೊಲೆ ಗಿಡ್ಡವಾಗಿರಲೇಬೇಕು, ಕಂಬಗಳು ಹೆಚ್ಚಿರಲೇಬೇಕು. ಕಲ್ಲುಕುಟಿಗರಿಗೆ ಈ ಸೂತ್ರ ಪುಸ್ತಕದಿಂದ ಬಂದದ್ದಲ್ಲ, ಅಪ್ಪನ ಕೈಯಿಂದ ಮಗನ ಕೈಗೆ ಬಂದದ್ದು.

ಇಂದು ಸೇತುವೆ ಕಟ್ಟುವ ಇಂಜಿನಿಯರ್ ಹಾಗೆ ಕೈಯಂದಾಜನ್ನು ನಂಬುವಂತಿಲ್ಲ. ಎಷ್ಟು ಭಾರದ ವಾಹನ ಹಾದುಹೋಗಬಹುದೆಂದು ಮೊದಲೇ ಲೆಕ್ಕ ಹಾಕಬೇಕು. ಆ ಲೆಕ್ಕದ ಪುಸ್ತಕವನ್ನು ಬರೆದವರು ಯಾರು?

ಸಂಘಗಳು ಹುಟ್ಟಿದ ಬಗೆ

1818ರಲ್ಲಿ ಲಂಡನ್ನಿನಲ್ಲಿ ಕೆಲವು ತರುಣ ಇಂಜಿನಿಯರುಗಳು ಸೇರಿ, ತಮ್ಮ ಕೆಲಸದ ಅನುಭವವನ್ನು ಪರಸ್ಪರ ಹೇಳಿಕೊಳ್ಳಲು ಒಂದು ಸಂಘ ಕಟ್ಟಿದರು. ರಸ್ತೆ, ಸೇತುವೆಗಳಿಗೆ ಹೆಸರಾಗಿದ್ದ ಥಾಮಸ್ ಟೆಲ್‌ಫರ್ಡ್ 1820ರಲ್ಲಿ ಅದರ ಮೊದಲ ಅಧ್ಯಕ್ಷರಾದರು. ಅದೇ ಇನ್‌ಸ್ಟಿಟ್ಯೂಷನ್ ಆಫ್ ಸಿವಿಲ್ ಇಂಜಿನಿಯರ್ಸ್. ನಮ್ಮ ದೇಶದಲ್ಲಿ ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ (ಇಂಡಿಯಾ) 1920ರಲ್ಲಿ ಸ್ಥಾಪನೆಯಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನವಾದ ಸೆಪ್ಟೆಂಬರ್ 15ರಂದು ನಡೆಯುವ ಇಂಜಿನಿಯರುಗಳ ದಿನಾಚರಣೆಯ ಹಿಂದೆ ಇರುವುದು ಇದೇ ಸಂಸ್ಥೆ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಎಷ್ಟೋ ಓವರ್‌ಸಿಯರುಗಳು ಇದರ ಎ.ಎಂ.ಐ.ಇ. ಪರೀಕ್ಷೆ ಕಟ್ಟಿ ಪದವಿಗೆ ಸಮನಾದ ಅರ್ಹತೆ ಪಡೆದರು. ಆದರೆ ಆ ಮಾನ್ಯತೆ 2013ರ ಮೇ ಅಂತ್ಯದವರೆಗೆ ಹೆಸರು ನೋಂದಾಯಿಸಿದವರಿಗೆ ಮಾತ್ರ ಎಂಬುದನ್ನು ಪೋಷಕರು ಗಮನಿಸಬೇಕು.

ರಸ್ತೆಗಳ ವಿಷಯಕ್ಕೇ ಮೀಸಲಾದ ಸಂಘ ಇಂಡಿಯನ್ ರೋಡ್ಸ್ ಕಾಂಗ್ರೆಸ್. 1927ರಲ್ಲಿ ನೇಮಕಗೊಂಡ ಜಯಕರ್ ಸಮಿತಿಯ ಸಲಹೆಯಂತೆ ಇದು 1934ರ ಡಿಸೆಂಬರಿನಲ್ಲಿ ಆರಂಭವಾಯಿತು. ಹೆಸರಿನಲ್ಲಿ ‘ಕಾಂಗ್ರೆಸ್’ ಇದ್ದರೂ ರಾಜಕೀಯಕ್ಕೂ ಇದಕ್ಕೂ ಸಂಬಂಧವಿಲ್ಲ. ರಾಜ್ಯಗಳ ಲೋಕೋಪಯೋಗಿ ಇಲಾಖೆಯ ಇಂಜಿನಿಯರುಗಳು, ಪ್ರಾಧ್ಯಾಪಕರು, ಸಂಶೋಧಕರು ಸಮಿತಿಗಳಲ್ಲಿ ಕುಳಿತು ಚರ್ಚಿಸಿ ನಿಯಮಗಳನ್ನು ಬರೆಯುತ್ತಾರೆ. ಹೆದ್ದಾರಿ ಸೇತುವೆಗಳ ವಿನ್ಯಾಸಕ್ಕೆ ಬಳಸುವ ಒಂದು ಮಾದರಿ ವಾಹನದ ಭಾರ 100 ಟನ್ ಎಂದು ಗೊತ್ತುಮಾಡಿದ್ದು ಇದೇ ಸಂಘದ ಪುಸ್ತಕ.

ಪಾಂಡವಪುರದ ನಾಲೆ

ಶ್ರೀರಂಗಪಟ್ಟಣದಿಂದ ಉತ್ತರಕ್ಕೆ ಹೊರಟರೆ ಕಬ್ಬು, ಭತ್ತದ ಗದ್ದೆಗಳ ನಡುವೆ ಪಾಂಡವಪುರ ಸಿಗುತ್ತದೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಇದಕ್ಕೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರೂ ಇತ್ತು. ಕುಂತಿಬೆಟ್ಟದ ಮೇಲೆ ನಿಂತರೆ ಹಸಿರು ಎಲ್ಲಿಂದ ಬಂತೆಂಬುದು ತಾನಾಗಿ ತಿಳಿಯುತ್ತದೆ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ನೀರನ್ನು ಹೊತ್ತು ತರುವುದು ವಿಶ್ವೇಶ್ವರಯ್ಯ ನಾಲೆ. ಹಳಬರ ಬಾಯಲ್ಲಿ ಅದು ಇರ್ವಿನ್ ನಾಲೆ, ಈಗಿನವರ ಬಾಯಲ್ಲಿ ವಿ.ಸಿ. ನಾಲೆ. ಹುಲಿಕೆರೆಯ ಬಳಿ ಗುಡ್ಡದ ಒಳಗೆ ಸುರಂಗ ಕೊರೆದು ಇದನ್ನು ದಾಟಿಸಲಾಗಿದೆ.

ಈ ಸೀಮೆಯ ಬದುಕು ನಾಲೆಯದು. ಸಾವೂ ಅದರಲ್ಲೇ ಬಂದದ್ದುಂಟು. 2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ನಾಲೆಗೆ ಉರುಳಿ ಮೂವತ್ತು ಮಂದಿ ಜೀವ ಕಳೆದುಕೊಂಡರು. ಅರ್ಧ ದಿನದ ತರಗತಿ ಮುಗಿಸಿ ಮನೆಗೆ ಹೊರಟಿದ್ದ ಶಾಲಾ ಮಕ್ಕಳು ಅವರಲ್ಲಿದ್ದರು. ಊಟಕ್ಕೆ ಕಾದಿದ್ದ ತಾಯಂದಿರು ನಾಲೆ ಏರಿಗೆ ಓಡಬೇಕಾಯಿತು. 2023ರ ನವೆಂಬರಿನಲ್ಲಿ ಇದೇ ತಾಲ್ಲೂಕಿನ ಬನಘಟ್ಟದ ಬಳಿ ಕಾರೊಂದು ನಾಲೆಗೆ ಬಿದ್ದು ಐವರು ಸತ್ತರು.

ರಸ್ತೆಯ ಪಕ್ಕ ಆಳವಾದ ನೀರಿದ್ದರೆ ತಡೆ ಎಲ್ಲಿ ಬೇಕು, ಹೇಗಿರಬೇಕು ಎಂಬುದಕ್ಕೂ ನಿಯಮವಿದೆ. ರೋಡ್ಸ್ ಕಾಂಗ್ರೆಸ್ 2015ರಲ್ಲಿ ಸುರಕ್ಷಾ ತಡೆಗಳಿಗೆಂದೇ ಪ್ರತ್ಯೇಕ ಮಾರ್ಗಸೂಚಿ ಹೊರತಂದಿತು. ಅದರ ಸಂಖ್ಯೆ 119. ಕನಗನಮರಡಿಯ ದುರಂತ ನಡೆದದ್ದು ಆ ಪುಸ್ತಕ ಬಂದು ಮೂರು ವರ್ಷದ ಮೇಲೆ. ಸಂಘ ನಿಯಮ ಬರೆಯಬಲ್ಲದು, ತಡೆಗೋಡೆ ಕಟ್ಟಲಾರದು. ಕಟ್ಟುವುದಕ್ಕೆ ಸರ್ಕಾರದ ಹಣ ಬೇಕು, ಇಲಾಖೆಯ ಮನಸ್ಸು ಬೇಕು, ಕೇಳುವುದಕ್ಕೆ ಊರಿನವರ ದನಿ ಬೇಕು.

ನಾಗಮಂಗಲದ ತಿರುವುಗಳು

ತೊಣ್ಣೂರು ಕೆರೆಯನ್ನು ಬದಿಗಿಟ್ಟು ನಾಗಮಂಗಲದ ಕಡೆ ಸಾಗಿದರೆ ನೀರಾವರಿ ಹಿಂದೆ ಉಳಿದು ರಾಗಿ, ಹುರುಳಿ, ತೆಂಗಿನ ನೆಲ ಎದುರಾಗುತ್ತದೆ. ರಸ್ತೆಯೂ ಏರಿಳಿದು ತಿರುಗುತ್ತದೆ. ತಿರುವಿನಲ್ಲಿ ಬಸ್ಸಿನೊಳಗಿನವರು ಹೊರಕ್ಕೆ ವಾಲುವುದು ಜಡತ್ವದಿಂದ ಎಂದು ಮಕ್ಕಳು ಓದಿರುತ್ತಾರೆ. ರಸ್ತೆಯ ಹೊರ ಅಂಚನ್ನು ಎತ್ತರಿಸಿದರೆ ವಾಹನ ಹಿಡಿತ ತಪ್ಪುವುದಿಲ್ಲ. ಆದರೆ ಎಷ್ಟು ಎತ್ತರ? ಬಯಲು ಸೀಮೆಯಲ್ಲಿ ನೂರಕ್ಕೆ ಏಳರಷ್ಟು ಮಾತ್ರ ಎನ್ನುತ್ತದೆ ನಿಯಮ. ಹೆಚ್ಚಾದರೆ ನಿಧಾನವಾಗಿ ಸಾಗುವ ಹುಲ್ಲಿನ ಗಾಡಿ ಒಳಕ್ಕೆ ಮಗುಚೀತು. ಗಂಟೆಗೆ 80 ಕಿ.ಮೀ. ವೇಗಕ್ಕೆ ತಿರುವಿನ ತ್ರಿಜ್ಯ ಕನಿಷ್ಠ 230 ಮೀಟರ್ ಇರಬೇಕು. ಅದಕ್ಕಿಂತ ಚಿಕ್ಕ ತಿರುವಿನಲ್ಲಿ ವೇಗ ತಗ್ಗಲೇಬೇಕು. ಪ್ರೌಢಶಾಲೆಯ ಭೌತಶಾಸ್ತ್ರವೇ ಇಲ್ಲಿ ಟಾರಿನ ಮೇಲೆ ಬಿದ್ದಿದೆ.

ನಾಗಮಂಗಲದ ಸೌಮ್ಯಕೇಶವನ ಗುಡಿ ನೋಡಿ ಹೊರಬಂದರೆ ಲಾರಿಗಳ ಸಾಲು ಕಾಣುತ್ತದೆ. ಲಾರಿಯ ಭಾರ ಎರಡರಷ್ಟಾದರೆ ರಸ್ತೆಗೆ ಆಗುವ ಹಾನಿಯೂ ಎರಡರಷ್ಟು ಎಂದು ಹಲವರ ಎಣಿಕೆ. ಅದು ಸರಿಯಲ್ಲ. ಅಮೆರಿಕದ ರಾಜ್ಯ ಹೆದ್ದಾರಿ ಅಧಿಕಾರಿಗಳ ಸಂಘವು 1958ರಿಂದ 1960ರವರೆಗೆ ಇಲಿನಾಯ್ ಪ್ರಾಂತ್ಯದಲ್ಲಿ ಪರೀಕ್ಷಾ ರಸ್ತೆಗಳನ್ನೇ ಕಟ್ಟಿ, ಲಾರಿಗಳನ್ನು ಎಡೆಬಿಡದೆ ಓಡಿಸಿ ನೋಡಿತು. ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ಹಾನಿ ಸುಮಾರು ಹದಿನಾರು ಪಟ್ಟು ಎಂದು ತಿಳಿಯಿತು. ನಮ್ಮ ರೋಡ್ಸ್ ಕಾಂಗ್ರೆಸ್ಸಿನ ರಸ್ತೆ ದಪ್ಪದ ಲೆಕ್ಕವೂ ಇದನ್ನೇ ನಂಬಿದೆ. ಅಮೆರಿಕದ ಒಂದು ಸಂಘ ಕಂಡುಕೊಂಡದ್ದು ಹೀಗೆ ನಾಗಮಂಗಲದ ರಸ್ತೆಗೆ ಒದಗುತ್ತದೆ.

ಕೆ.ಆರ್. ಪೇಟೆಯ ರೂವಾರಿ

ನಾಗಮಂಗಲದಿಂದ ಪಶ್ಚಿಮಕ್ಕೆ ಕೃಷ್ಣರಾಜಪೇಟೆ, ಹಿಂದಿನ ಅತ್ತಿಕುಪ್ಪೆ. ಪಕ್ಕದ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ ಹೊಯ್ಸಳ ಶಿಲ್ಪದ ಸೊಗಸಾದ ಮಾದರಿ. ಇದೇ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇವಾಲಯದ ಶಿಲ್ಪದಲ್ಲಿ ರೂವಾರಿ ಮಲ್ಲಿತಮ್ಮನ ಹೆಸರಿದೆ. ಕೆಲಸದ ಮೇಲೆ ತನ್ನ ಹೆಸರು ಕೆತ್ತುವುದೆಂದರೆ ಅದರ ಒಳಿತು ಕೆಡುಕಿಗೆ ತಾನೇ ಹೊಣೆ ಎಂದಂತೆ. ಇಂದು ವೃತ್ತಿ ಸಂಘಗಳು ತಮ್ಮ ಸದಸ್ಯರಿಂದ ಬಯಸುವುದೂ ಅದನ್ನೇ. ಜನರ ಜೀವರಕ್ಷಣೆಯೇ ಮೊದಲು ಎಂಬುದು ಅವುಗಳ ನೀತಿಸಂಹಿತೆಯ ತಿರುಳು. ಒಂದು ವ್ಯತ್ಯಾಸವಿದೆ. ಶಿಲ್ಪಿಯ ವಿದ್ಯೆ ಮನೆತನದೊಳಗೆ ಉಳಿಯುತ್ತಿತ್ತು. ಸಂಘದ ವಿದ್ಯೆ ಅಚ್ಚಾಗಿ ಎಲ್ಲರ ಕೈಗೂ ಬರುತ್ತದೆ.

ಹಾಗೆ ಬಂದ ವಿದ್ಯೆಯನ್ನು ಮಕ್ಕಳೂ ಬಳಸಬಹುದು. ಊರೂರಿನ ಶಾಲೆಯ ಮುಂದೆ ರಸ್ತೆ ಉಬ್ಬುಗಳಿವೆ. ರೋಡ್ಸ್ ಕಾಂಗ್ರೆಸ್ಸಿನ 99ನೇ ಸಂಖ್ಯೆಯ ಮಾರ್ಗಸೂಚಿಯ ಪ್ರಕಾರ ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಬೇಕಾದ ಉಬ್ಬು 3.7 ಮೀಟರ್ ಅಗಲ, ನಡುವೆ 10 ಸೆಂ.ಮೀ. ಎತ್ತರವಿದ್ದು ಗುಂಡಗಿರಬೇಕು. ಬಣ್ಣದ ಪಟ್ಟಿ ಇರಬೇಕು, ಮುಂಚೆಯೇ ಫಲಕ ಇರಬೇಕು. ಒಂದಡಿ ಅಗಲಕ್ಕೆ ಗೋಡೆಯಂತೆ ಎಬ್ಬಿಸಿದ ಉಬ್ಬು ಬೈಕಿನ ಹಿಂದೆ ಕುಳಿತ ಅಜ್ಜಿಯ ಸೊಂಟ ಮುರಿಯುತ್ತದೆ. ಒಂದು ಅಳತೆ ಟೇಪು, ಒಂದು ನೋಟ್‌ಪುಸ್ತಕ ಇದ್ದರೆ ವಿಜ್ಞಾನ ಸಂಘದ ಮಕ್ಕಳು ಉಬ್ಬನ್ನು ಅಳೆಯಬಹುದು. ಅದಕ್ಕೆ ಮೊದಲು ವಾಹನಗಳನ್ನು ನೋಡಿಕೊಳ್ಳಲು ಹಿರಿಯರೊಬ್ಬರು ಜೊತೆಗಿರಬೇಕು. ನಾಲೆ ಏರಿಯ ದಾರಿಯಲ್ಲಿ ತಡೆ ಇಲ್ಲದ ಕಡೆಗಳ ಪಟ್ಟಿಯನ್ನು ಪೋಷಕರು ಗ್ರಾಮಸಭೆಯಲ್ಲಿ ಓದಿಸಬಹುದು. ‘ತಡೆಗೋಡೆ ಬೇಕು’ ಎನ್ನುವ ಅರ್ಜಿಗಿಂತ ‘ಇಂಥ ನಿಯಮದಂತೆ ಇಂಥ ಜಾಗದಲ್ಲಿ ಬೇಕು’ ಎನ್ನುವ ಅರ್ಜಿಯನ್ನು ಬದಿಗಿಡುವುದು ಕಷ್ಟ.

ಸಂಜೆ ಕೆ.ಆರ್. ಪೇಟೆಯಿಂದ ಪಾಂಡವಪುರದ ಮೇಲೆ ಹಿಂತಿರುಗುವಾಗ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಎದುರಾಗುತ್ತವೆ. ಕೆಲವಕ್ಕೆ ಹಿಂದೆ ಕೆಂಪು ಪ್ರತಿಫಲಕ ಪಟ್ಟಿ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಗಂಟೆಗೆ 80 ಕಿ.ಮೀ. ವೇಗದ ಕಾರು, ಚಾಲಕ ಅಪಾಯ ಕಂಡು ಬ್ರೇಕಿನ ಮೇಲೆ ಕಾಲಿಡಲು ಬೇಕೆಂದು ಲೆಕ್ಕಹಾಕುವ ಎರಡೂವರೆ ಸೆಕೆಂಡಿನಲ್ಲಿ 55 ಮೀಟರ್ ಓಡಿರುತ್ತದೆ. ಕೆಲವೇ ರೂಪಾಯಿಯ ಪಟ್ಟಿ ಆ ಎರಡೂವರೆ ಸೆಕೆಂಡನ್ನು ಮುಂಚೆಯೇ ಕೊಡುತ್ತದೆ. ಮನೆಯಲ್ಲಿ ಟ್ರ್ಯಾಕ್ಟರ್ ಇರುವ ವಿದ್ಯಾರ್ಥಿಗಳು ಇಂದೇ ಹಿಂದಕ್ಕೆ ಹೋಗಿ ಪಟ್ಟಿ ಇದೆಯೇ ಎಂದು ನೋಡಲಿ.