ಹುಳುವಿನ ಪಕ್ಷ

ಚಿಟ್ಟೆ ಸಾಕುತ್ತೇನೆ ಎಂದರೆ ಕೇಳಿದವರ ಕಣ್ಣು ಅರಳುತ್ತದೆ. ನಿಜವಾಗಿ ನಾನು ಸಾಕುವುದು ಹುಳುವನ್ನು. ರೆಕ್ಕೆ ಬಂದ ಮೇಲೆ ಅದು ನಮ್ಮ ಮನೆಯಲ್ಲಿರುವುದು ಹೆಚ್ಚೆಂದರೆ ಒಂದು ಬೆಳಗು. ಎಲೆ ತಿನ್ನುತ್ತ, ಹಿಕ್ಕೆ ಹಾಕುತ್ತ, ಪೊರೆ ಬಿಡುತ್ತ ನಮ್ಮ ಜೊತೆ ಬಾಳುವುದು ಹುಳು. ನನ್ನ ಪ್ರೀತಿಯೂ ಅದರ ಮೇಲೆಯೇ.

ಇದಕ್ಕೆ ಕಾಡು ಬೇಡ, ತೋಟ ಬೇಡ. ಬೆಂಗಳೂರಿನ ಬಾಲ್ಕನಿಯಲ್ಲಿ ಕುಂಡದಲ್ಲೊಂದು ಕರಿಬೇವಿನ ಗಿಡವಿದ್ದರೆ ಸಾಕು. ಮುಂಗಾರು ಹಿಡಿದು ಗಿಡ ಚಿಗುರಿತೆನ್ನುವಾಗ ಕಪ್ಪು ಚಿಟ್ಟೆಯೊಂದು ಬಿಡದೆ ಅಲ್ಲೇ ಸುಳಿಯತೊಡಗುತ್ತದೆ. ಎಲೆಯ ಮೇಲೆ ಕೂತೂ ಕೂರದಂತೆ ಕೂತು ಮುಂಗಾಲಿನಿಂದ ಪಟಪಟನೆ ತಟ್ಟುತ್ತದೆ. ಎಲೆಯ ರುಚಿ ಅದಕ್ಕೆ ತಿಳಿಯುವುದು ಆ ಕಾಲುಗಳಲ್ಲೇ. ಇದು ನಿಂಬೆಯ ಕುಲದ ಗಿಡ, ನನ್ನ ಮಕ್ಕಳು ಇದನ್ನು ತಿಂದು ಬದುಕಬಲ್ಲವು ಎಂದು ಖಾತ್ರಿಯಾದ ಮೇಲೆಯೇ ಹೊಟ್ಟೆ ಬಾಗಿಸಿ ಒಂದು ಮೊಟ್ಟೆ ಇಟ್ಟು ಹೋಗುತ್ತದೆ. ತಿಳಿಹಳದಿಯ, ಒಂದು ಮಿಲಿಮೀಟರಿನ ಆಸುಪಾಸಿನ ನುಣ್ಣನೆಯ ಗುಂಡು. ಈ ಚಿಟ್ಟೆಗೆ ಕಾಮನ್ ಮಾರ್ಮನ್ ಎಂದು ಹೆಸರು. ಶಾಸ್ತ್ರದ ಪುಸ್ತಕಗಳಲ್ಲಿ ಪ್ಯಾಪಿಲಿಯೊ ಪಾಲಿಟೀಸ್.

ಕೆಲವು ದಿನಗಳಲ್ಲಿ ಮೊಟ್ಟೆ ಕಪ್ಪಾಗುತ್ತದೆ. ಮರಿ ಹೊರಬಂದು ಮೊದಲು ತಿನ್ನುವುದು ತಾನಿದ್ದ ಮೊಟ್ಟೆಯ ಸಿಪ್ಪೆಯನ್ನು, ಆಮೇಲೆ ಚಿಗುರು. ಇಲ್ಲಿಂದ ಮುಂದೆ ನನಗೆ ಬೇರೆ ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ಒಂದು ಕಡ್ಡಿಯನ್ನು ಎಲೆಸಮೇತ ಕತ್ತರಿಸಿ, ನೀರು ತುಂಬಿದ ಚಿಕ್ಕ ಬಾಟಲಿಯಲ್ಲಿ ನಿಲ್ಲಿಸಿ, ಹುಳು ಕೆಳಗಿಳಿದು ನೀರಿಗೆ ಬೀಳದ ಹಾಗೆ ಬಾಟಲಿಯ ಬಾಯಿಗೆ ಹತ್ತಿ ತುರುಕುತ್ತೇನೆ. ಸುತ್ತ ಬಲೆಬಟ್ಟೆಯ ಡಬ್ಬ. ಅಂಗಡಿಯ ಕರಿಬೇವನ್ನು ಮಾತ್ರ ಕೊಡುವುದಿಲ್ಲ. ಅದಕ್ಕೆ ಯಾವ ಔಷಧಿ ಹೊಡೆದಿದ್ದಾರೋ ಯಾರಿಗೆ ಗೊತ್ತು. ಬೆಳಿಗ್ಗೆ ಎದ್ದು ಹಿಕ್ಕೆ ಗುಡಿಸುವುದು, ಬಾಡಿದ ಕಡ್ಡಿ ತೆಗೆದು ಹೊಸದನ್ನಿಡುವುದು. ಹುಳುವನ್ನು ಕೈಯಲ್ಲಿ ಎತ್ತುವುದಿಲ್ಲ. ಹಳೆಯ ಕಡ್ಡಿಯನ್ನು ಹೊಸದಕ್ಕೆ ತಾಗಿಸಿಟ್ಟರೆ ತಾನೇ ದಾಟಿಕೊಳ್ಳುತ್ತದೆ.

ಎಳೆಯ ಹುಳುವನ್ನು ತೋರಿಸಿದರೆ ಹೊಸಬರು ಮುಖ ಸಿಂಡರಿಸುತ್ತಾರೆ. ಕಂದು ಮೈ, ನಡುವೆ ಬಿಳಿಯ ತೇಪೆ, ಮೇಲೆ ಒದ್ದೆ ಹೊಳಪು. ಯಾವುದೋ ಹಕ್ಕಿ ಎಲೆಯ ಮೇಲೆ ಪಿಷ್ಟೆ ಹಾಕಿ ಹೋದಂತೆಯೇ ಕಾಣುತ್ತದೆ. ತಿನ್ನಲು ಬಂದ ಹಕ್ಕಿಗೂ ಹಾಗೇ ಕಾಣಲಿ ಎಂದೇ ಈ ವೇಷ. ನಾಲ್ಕು ಬಾರಿ ಪೊರೆ ಬಿಡುತ್ತದೆ. ರಾಮನಗರದ ಕಡೆ ರೇಷ್ಮೆ ಬೆಳೆಯುವವರು ಜ್ವರ ಎಂದು ಕರೆಯುತ್ತಾರಲ್ಲ, ಆ ಸ್ಥಿತಿ. ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ಕೂತುಬಿಡುತ್ತದೆ. ಆಗ ಅದನ್ನು ಮುಟ್ಟಬಾರದು, ಕಡ್ಡಿಯನ್ನೂ ಅಲ್ಲಾಡಿಸಬಾರದು. ನಾಲ್ಕನೆಯ ಜ್ವರ ಬಿಟ್ಟಾಗ ಹಕ್ಕಿಯ ಪಿಷ್ಟೆ ಹೋಗಿ, ಎಲೆಯ ಬಣ್ಣಕ್ಕೆ ಬಣ್ಣ ಕೂಡಿಸಿಕೊಂಡ ದಪ್ಪನೆಯ ಹಸಿರು ಹುಳು ಎದುರಿಗಿರುತ್ತದೆ. ಪಕ್ಕೆಯಲ್ಲಿ ಓರೆಯಾದ ಕಂದು ಪಟ್ಟಿ, ಎದೆಯ ಎರಡೂ ಬದಿಗೆ ಕಣ್ಣಿನಂತೆ ತೋರುವ ಮಚ್ಚೆ. ಅಷ್ಟು ಸಣ್ಣ ದೇಹಕ್ಕೆ ವೇಷ ಬದಲಿಸುವ ಗಳಿಗೆ ಗೊತ್ತಾಗುವುದಾದರೂ ಹೇಗೆ? ಈ ಚಿಟ್ಟೆಯ ಹತ್ತಿರದ ಬಂಧುವೊಂದನ್ನು ಅಭ್ಯಾಸ ಮಾಡಿದ ಜಪಾನಿನ ವಿಜ್ಞಾನಿಗಳು 2008ರಲ್ಲಿ ಉತ್ತರ ಕೊಟ್ಟರು: ಮೈಯೊಳಗಿನ ಜುವೆನೈಲ್ ಹಾರ್ಮೋನ್ ಇಳಿದಾಗ ಹಸಿರು ಬರುತ್ತದೆ, ಅದನ್ನು ಇಳಿಯಗೊಡದಿದ್ದರೆ ಹಳೆಯ ವೇಷವೇ ಉಳಿಯುತ್ತದೆ.

ಈ ಕೊನೆಯ ಹಂತದ ಹಸಿವನ್ನು ಕಂಡೇ ನಂಬಬೇಕು. ಎಲೆಯ ಅಂಚನ್ನು ಮುಂಗಾಲುಗಳಲ್ಲಿ ಹಿಡಿದು, ತಲೆಯನ್ನು ಮೇಲಿನಿಂದ ಕೆಳಕ್ಕೆ ಇಳಿಸುತ್ತ ಕತ್ತರಿಸಿ, ಮತ್ತೆ ಮೇಲಿಂದ ಶುರು ಮಾಡುತ್ತದೆ. ಒಂದು ಎಲೆ ಕಣ್ಣೆದುರಿಗೇ ಮುಗಿದುಹೋಗುತ್ತದೆ. ನಡುವೆ ಯಾರಾದರೂ ಕಡ್ಡಿ ತಾಗಿಸಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದನ್ನು ಫಕ್ಕನೆ ಹೊರಚಾಚುತ್ತದೆ. ಅದರ ಜೊತೆಗೇ ಘಾಟು ವಾಸನೆ. ಕೋಪ ಇಳಿದೊಡನೆ ಕೊಂಬು ಒಳಗೆ. ಕೊಂಬು ನೋಡುವ ಆಸೆಗೆಂದು ಅದನ್ನು ಕೆಣಕುವುದು ನನಗೆ ಸೇರುವುದಿಲ್ಲ.

ಹುಳುವನ್ನು ಅದರ ಎಲೆಯಿಂದ ಬೇರ್ಪಡಿಸಿ ನೋಡಬಾರದು ಎಂದು ಜಗತ್ತಿಗೆ ತೋರಿಸಿದವರಲ್ಲಿ ಮರಿಯಾ ಸಿಬಿಲ್ಲಾ ಮೇರಿಯನ್ ಮೊದಲಿಗಳು. 1660ರಲ್ಲಿ, ಹದಿಮೂರರ ಹುಡುಗಿ, ಫ್ರಾಂಕ್‌ಫರ್ಟಿನಲ್ಲಿ ರೇಷ್ಮೆ ಹುಳು ಸಾಕಿ ಅದರ ಬದಲಾವಣೆಗಳನ್ನು ಗುರುತು ಹಾಕಿಕೊಳ್ಳಲು ತೊಡಗಿದಳು. 1679ರಲ್ಲಿ ಬಂದ ಅವಳ ಪುಸ್ತಕದ ಚಿತ್ರಗಳಲ್ಲಿ ಹುಳು, ಕೋಶ, ಚಿಟ್ಟೆ ಎಲ್ಲವೂ ತಮ್ಮ ಮೇವಿನ ಗಿಡದ ಮೇಲೆಯೇ ಇವೆ. ಅಲ್ಲಲ್ಲಿ ಕಚ್ಚಿದ ಎಲೆಯೂ ಇದೆ. ಕಚ್ಚಿದ ಎಲೆಯನ್ನು ಬರೆಯಲು ಹುಳುವಿನ ಬಳಿ ಎಷ್ಟು ಹೊತ್ತು ಕೂತಿರಬೇಕು ಎಂಬುದನ್ನು ಹುಳು ಸಾಕಿದವರು ಬಲ್ಲರು.

ಹಣ್ಣಾದ ಹುಳು ಮೇವು ಬಿಡುತ್ತದೆ. ಹೊಟ್ಟೆಯಲ್ಲಿದ್ದುದನ್ನೆಲ್ಲ ತೆಳುವಾಗಿ ಹೊರಹಾಕಿ ಜಾಗ ಹುಡುಕುತ್ತ ಡಬ್ಬದ ತುಂಬ ಅಲೆಯುತ್ತದೆ. ಕಡ್ಡಿಯೊಂದು ಒಪ್ಪಿಗೆಯಾದರೆ ಅಲ್ಲಿ ರೇಷ್ಮೆಯ ಮೆತ್ತೆ ನೇಯ್ದು ಹಿಂಗಾಲುಗಳಿಂದ ಅದನ್ನು ಕಚ್ಚಿ ಹಿಡಿಯುತ್ತದೆ. ಆಮೇಲೆ ತಲೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಹೊರಳಿಸುತ್ತ, ಎಳೆಯ ಮೇಲೆ ಎಳೆ ಕೂಡಿಸಿ, ತನ್ನ ಬೆನ್ನಿಗೊಂದು ಪಟ್ಟಿ ಹೆಣೆದು ಅದರೊಳಗೆ ತಲೆ ತೂರಿಸುತ್ತದೆ. ತೆಂಗಿನ ಮರದ ತುದಿಯಲ್ಲಿ ಹಗ್ಗಕ್ಕೆ ಬೆನ್ನು ಕೊಟ್ಟು ನಿಂತವನ ಹಾಗೆ ಅದು ಹಿಂದಕ್ಕೆ ಒರಗಿಕೊಳ್ಳುತ್ತದೆ. ಮಾರನೆಯ ದಿನ ಬೆನ್ನಿನ ಚರ್ಮ ಬಿರಿದು ಬಾಲದವರೆಗೂ ಸುರುಳಿಯಾಗಿ ಇಳಿಯುತ್ತದೆ. ಒಳಗಿನಿಂದ ಕೋಶ ಕಾಣಿಸಿಕೊಳ್ಳುತ್ತದೆ. ಎಲೆಯ ನಡುವೆ ಕಟ್ಟಿಕೊಂಡದ್ದು ಹೆಚ್ಚಾಗಿ ಹಸಿರು, ಒರಟು ಒಣಕಡ್ಡಿಯದ್ದು ಕಂದು.

ಎಲ್ಲ ಕೋಶಗಳೂ ಚಿಟ್ಟೆಯಾಗುವುದಿಲ್ಲ. ಟೆರೊಮ್ಯಾಲಸ್ ಎಂಬ ಕಣಜಗಳಿವೆ, ಕಣ್ಣಿಗೆ ಕಂಡೂ ಕಾಣದಷ್ಟು ಪುಟ್ಟವು. ಹುಳು ಕೋಶವಾಗುವವರೆಗೂ ಪಕ್ಕದಲ್ಲೇ ಕಾದಿದ್ದು, ಕೋಶದ ಗೋಡೆ ಗಟ್ಟಿಯಾಗುವ ಮುನ್ನ ಒಳಗೆ ಮೊಟ್ಟೆ ಇಳಿಸುತ್ತವೆ. ದಿನಗಳು ಕಳೆದು ಕೋಶದಲ್ಲಿ ಸಣ್ಣ ತೂತು ಬೀಳುತ್ತದೆ, ಕಣಜಗಳ ಹಿಂಡು ಹೊರಬರುತ್ತದೆ. ಮೊದಲು ಇದನ್ನು ಕಂಡಾಗ ಬಹಳ ಸಂಕಟಪಟ್ಟೆ. ಈಗಲೂ ಆಗುತ್ತದೆ. ಆದರೂ ಆ ಕಣಜಗಳನ್ನು ಕೊಲ್ಲುವುದಿಲ್ಲ, ಕಿಟಕಿ ತೆರೆಯುತ್ತೇನೆ. ಅವು ಇಲ್ಲದಿದ್ದರೆ ನಮ್ಮ ನಿಂಬೆ, ಕರಿಬೇವಿನ ಗಿಡಗಳಲ್ಲಿ ಎಲೆ ಉಳಿಯುತ್ತಿರಲಿಲ್ಲ.

ಕೋಶದೊಳಗೆ ಎಲ್ಲವೂ ಕರಗಿ ಹೊಸದಾಗುತ್ತದೆ ಎನ್ನುವ ಮಾತು ಪೂರ್ತಿ ನಿಜವಲ್ಲ. ರೆಕ್ಕೆಯ ಮೊಗ್ಗುಗಳು ಹುಳುವಿನ ಮೈಯಲ್ಲೇ ಇದ್ದವು. ಉಸಿರಿನ ನಾಳಗಳೂ ನರಮಂಡಲವೂ ಬದಲಾಗುತ್ತ ಉಳಿಯುತ್ತವೆ. ಅದೇ 2008ರಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ಕೊನೆಯ ಹಂತದ ಪತಂಗದ ಹುಳುಗಳಿಗೆ ಒಂದು ವಾಸನೆಯ ಜೊತೆ ಸಣ್ಣ ವಿದ್ಯುತ್ ಆಘಾತ ಕೊಟ್ಟು ನೋಡಿದರು. ರೆಕ್ಕೆ ಬಂದ ಮೇಲೂ ಅವು ಆ ವಾಸನೆಯಿಂದ ದೂರ ಸರಿದವು. ಇದನ್ನು ಓದಿದ ದಿನ ನನ್ನ ಕೋಶಗಳ ಮುಂದೆ ಸುಮ್ಮನೆ ಕೂತಿದ್ದೆ. ನಾನು ಬದಲಿಸಿಟ್ಟ ಕಡ್ಡಿಗಳ ಘಮ ಅವುಗಳ ಒಳಗೆಲ್ಲೋ ಉಳಿದಿರಬಹುದಲ್ಲ.

ಕೊನೆಗೆ ಕೋಶ ಕಪ್ಪಾಗಿ ಸಿಪ್ಪೆಯೊಳಗಿಂದ ರೆಕ್ಕೆಯ ಬಣ್ಣ ಕಾಣತೊಡಗುತ್ತದೆ. ಚಿಟ್ಟೆ ಹೊರಬರುವುದು ಸಾಮಾನ್ಯವಾಗಿ ಬೆಳಗಿನಲ್ಲಿ. ರೆಕ್ಕೆ ಮುದುಡಿಕೊಂಡಿರುತ್ತದೆ, ದೇಹದ ದ್ರವವನ್ನು ನರಗಳಿಗೆ ತಳ್ಳಿ ತಳ್ಳಿ ಅದನ್ನು ಬಿಡಿಸುತ್ತದೆ. ಎರಡು ಸೀಳಾಗಿರುವ ಹೀರುಗೊಳವೆಯನ್ನು ಸುತ್ತಿ ಬಿಚ್ಚಿ ಒಂದಾಗಿ ಕೂಡಿಸಿಕೊಳ್ಳುತ್ತದೆ. ಗಂಡಾದರೆ ಕಪ್ಪು, ಹಿಂರೆಕ್ಕೆಗೆ ಅಡ್ಡಲಾಗಿ ಬಿಳಿ ಚುಕ್ಕೆಗಳ ಸಾಲು. ಹೆಣ್ಣಾದರೆ ಏನು ಬರುತ್ತದೋ ಹೇಳಲಾಗದು. ಕೆಲವು ಗಂಡಿನಂತೆಯೇ ಇರುತ್ತವೆ. ಉಳಿದವು ಕಾಮನ್ ರೋಸ್ ಅಥವಾ ಕ್ರಿಮ್ಸನ್ ರೋಸ್ ಚಿಟ್ಟೆಯ ರೂಪ ತೊಟ್ಟು ಬರುತ್ತವೆ. ಆ ಎರಡೂ ಈಶ್ವರಿ ಬಳ್ಳಿ ತಿಂದು ಬೆಳೆದ ವಿಷದ ಚಿಟ್ಟೆಗಳು, ಹಕ್ಕಿಗಳು ಅವುಗಳ ತಂಟೆಗೆ ಹೋಗುವುದಿಲ್ಲ. ಈ ರೂಪಗಳನ್ನೆಲ್ಲ ಆಳುವುದು ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ಎಂದು 2014ರಲ್ಲಿ ತೋರಿಸಿದವರಲ್ಲಿ ನಮ್ಮ ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಕೇಂದ್ರದ ಕೃಷ್ಣಮೇಘ ಕುಂಟೆ ಒಬ್ಬರು.

ರೆಕ್ಕೆ ಒಣಗಿದ ಮೇಲೆ ಅದು ಹೊರಟುಹೋಗುತ್ತದೆ, ನಾನು ಮತ್ತೆ ಹುಳುಗಳ ಕಡೆ ತಿರುಗುತ್ತೇನೆ. ಪಕ್ಕದ ಖಾಲಿ ಸೈಟಿನಲ್ಲಿ ಎಕ್ಕದ ಗಿಡವೊಂದಿದೆ, ಅಲ್ಲಿ ಪ್ಲೇನ್ ಟೈಗರ್ ಮೊಟ್ಟೆ ಇಡುತ್ತದೆ. ಅದರ ಪಟ್ಟೆಪಟ್ಟೆಯ ಹುಳು ಎಲೆ ತಿನ್ನುವ ಮೊದಲು ನರವನ್ನು ಕಚ್ಚಿ ಹಾಲು ಹರಿದುಹೋಗಲು ಬಿಟ್ಟು, ಆಮೇಲೆ ಅದರಾಚೆಯ ಭಾಗವನ್ನು ತಿನ್ನುತ್ತದೆ. ಆ ಮೊದಲ ಕಚ್ಚನ್ನು ನಾನಿನ್ನೂ ನೋಡಿಲ್ಲ. ಈ ಮಳೆಗಾಲ ಅದಕ್ಕೆಂದೇ ಮೀಸಲು.