ಸಾರವಿರುವುದೆಲ್ಲಿ?

ಕೂಸು ಹುಟ್ಟಿ ಆರು ತಿಂಗಳು ತುಂಬುತ್ತಿದ್ದಂತೆ ಮನೆಯಲ್ಲಿ ಒಂದು ಹೊಸ ವಿಚಾರ ತಲೆಯೆತ್ತುತ್ತದೆ. ಅಲ್ಲಿಯವರೆಗೆ ತಾಯಿಯ ಹಾಲೇ ಅದಕ್ಕೆ ಅನ್ನ, ಅದೇ ನೀರು, ಅದೇ ಮದ್ದು. ಇನ್ನು ಲೋಕದ ಅನ್ನವನ್ನು ಅದರ ನಾಲಗೆಗೆ ಪರಿಚಯ ಮಾಡಿಕೊಡಬೇಕು. ಕೊರಿಯಾ ದೇಶದವರು ಈ ಆಹಾರವನ್ನು 'ಇಯುಸಿಕ್' ಎಂದು ಕರೆಯುತ್ತಾರೆ. 'ಇ' ಎಂದರೆ ಅಗಲುವುದು, 'ಯು' ಎಂದರೆ ಹಾಲು, 'ಸಿಕ್' ಎಂದರೆ ಆಹಾರ. ಹಾಲನ್ನು ಅಗಲುವ ಕಾಲದ ಊಟವೆಂದು ಅದರ ಅರ್ಥ. ಹಾಲು ಅಂದೇ ತಪ್ಪುವುದಿಲ್ಲ. ಇನ್ನೂ ಬಹುಕಾಲ ನಡೆಯುತ್ತಲೇ ಇರುತ್ತದೆ. ಆದರೂ ಅಗಲಿಕೆಯ ಮೊದಲ ಹೆಜ್ಜೆ ಆ ಪುಟ್ಟ ಚಮಚದಿಂದಲೇ ಆರಂಭವಾಗುತ್ತದೆಂಬುದನ್ನು ಆ ಹೆಸರಿಟ್ಟವರು ಬಲ್ಲವರಾಗಿದ್ದಿರಬೇಕು.

ಕನ್ನಡಿಗರು ಗಂಜಿ ಎನ್ನುವುದನ್ನು ಕೊರಿಯನ್ನರು 'ಜುಕ್' ಎನ್ನುತ್ತಾರೆ. ಆ ನಾಡಿನ ಬಾಳಿನಲ್ಲಿ ಅದರ ಸ್ಥಾನ ಸಾಮಾನ್ಯವಾದುದಲ್ಲ. ವರ್ಷದ ಅತಿ ದೀರ್ಘವಾದ ಚಳಿಗಾಲದ ರಾತ್ರಿ ಬರುವ ದಿನ ಮನೆಮನೆಯಲ್ಲಿಯೂ ಕೆಂಪು ಕಾಳಿನ ಗಂಜಿ ಕುದಿಯುತ್ತದೆ. ಕಾಯಿಲೆ ಬಿದ್ದವನಿಗೆ ಗಂಜಿ, ಹಲ್ಲು ಬಿದ್ದ ವೃದ್ಧರಿಗೆ ಗಂಜಿ. ಇವೆಲ್ಲಕ್ಕಿಂತ ತಿಳಿಯಾದುದು, ಮಗುವಿನ ಪಾಲಿಗೆ ಮೊದಲು ಬರುವ 'ಮಿಯುಮ್'. ಅಕ್ಕಿಯನ್ನು ನೆನೆಸಿ ನುಣ್ಣಗೆ ರುಬ್ಬಿ, ಅದರ 10 ಪಾಲು ನೀರು ಬೆರೆಸಿ, ಸಣ್ಣ ಉರಿಯಲ್ಲಿ ತಳ ಹಿಡಿಯದಂತೆ ಕೈಯಾಡಿಸುತ್ತ ಕಾಯಿಸಬೇಕು. ಆಮೇಲೆ ಜಾಲರಿಯಲ್ಲಿ ಸೋಸಬೇಕು. ಇಳಿದು ಬರುವುದು ಹಾಲಿನಂತೆಯೇ ಬೆಳ್ಳಗೆ, ಹಾಲಿನಂತೆಯೇ ತೆಳ್ಳಗೆ. ಹಾಲಿನಿಂದ ಅನ್ನಕ್ಕೆ ಹೋಗುವ ದಾರಿಯಲ್ಲಿ ಮೊದಲ ಮೆಟ್ಟಿಲು ಹಾಲಿನ ರೂಪದಲ್ಲಿಯೇ ಇರಬೇಕೆಂಬುದು ಎಂಥ ಸೂಕ್ಷ್ಮವಾದ ಕಲ್ಪನೆ!

ಆದರೆ ಈ ಬಿಳಿಯ ಬಟ್ಟಲಿನ ಸುತ್ತಲೇ ಇಂದು ಅತ್ತೆಸೊಸೆಯರ ನಡುವೆ ಸಣ್ಣದೊಂದು ವಾದ ಹುಟ್ಟುವುದುಂಟು. ಕೊರಿಯಾದಲ್ಲಿ ಅತ್ತೆಯಾದವಳು ಎಳೆಯ ಸೊಸೆಯನ್ನು 'ಆಗಾ' ಎಂದು ಕರೆಯುತ್ತಾಳೆ. ಮಗು ಎಂದೇ ಆ ಮಾತಿನ ಅರ್ಥ. ನಿನ್ನೆಯವರೆಗೆ ತಾನೇ ಮಗುವೆನಿಸಿಕೊಂಡಿದ್ದವಳು ಇಂದು ವೈದ್ಯರ ಮಾತನ್ನು ಹೊತ್ತು ತಂದು, ಹತ್ತಾರು ವರ್ಷ ಮನೆ ನಡೆಸಿದ ಹಿರಿಯಳಿಗೆ ಎದುರಾಡಬೇಕಾಗುತ್ತದೆ.

"ಹಲ್ಲಿಲ್ಲದ ಕೂಸಿಗೆ ಮಾಂಸವೇ, ಆಗಾ? ಇನ್ನೂ ಕೆಲವು ತಿಂಗಳು ಬರಿಯ ಗಂಜಿ ಸಾಕು. ಬೇಕಾದರೆ ಮಾಂಸ ಬೇಯಿಸಿದ ನೀರನ್ನು ಬೆರೆಸು. ಸಾರವೆಲ್ಲ ಅದರಲ್ಲಿಯೇ ಇಳಿದಿರುತ್ತದೆ" ಎನ್ನುತ್ತಾಳೆ ಅತ್ತೆ.

"ಅತ್ತೆಯವರೇ, ನೀರನ್ನಷ್ಟೇ ಕೊಟ್ಟರೆ ಸಾಲದಂತೆ. ಮಾಂಸವನ್ನೇ ಅರೆದು ಕೊಡಬೇಕೆಂದು ವೈದ್ಯರು ಹೇಳಿದ್ದಾರೆ" ಎಂದು ಸೊಸೆ ತಲೆತಗ್ಗಿಸಿಯೇ ನುಡಿದರೂ ಮಾತನ್ನು ಬಿಡುವುದಿಲ್ಲ.

ಮಾಂಸವೆಂದರೆ ಇಲ್ಲಿ ದನದ ಮಾಂಸ. ಓದುಗರಲ್ಲಿ ಹಲವರಿಗೆ ಇದು ಒಗ್ಗದ ಮಾತಾಗಬಹುದು. ಆದರೆ ಆ ನಾಡಿನಲ್ಲಿ ಅದು ಗೌರವದ ಆಹಾರ; ಹಿಂದಿನ ಕಾಲದಲ್ಲಿ ಬಡವರ ಕೈಗೆಟುಕದ ಆಹಾರ.

ಸಾರವಿರುವುದು ನೀರಿನಲ್ಲಿಯೋ ಮಾಂಸದಲ್ಲಿಯೋ ಎಂಬುದು ಮೇಲುನೋಟಕ್ಕೆ ಅಡಿಗೆಮನೆಯ ಪ್ರಶ್ನೆ. ವಾಸ್ತವದಲ್ಲಿ ಅದು ಮಗುವಿನ ರಕ್ತಕ್ಕೆ ಸಂಬಂಧಿಸಿದ ಪ್ರಶ್ನೆ. ತುಂಬು ತಿಂಗಳಿಗೆ ಹುಟ್ಟಿದ ಶಿಶು ತಾಯಿಯ ಗರ್ಭದಿಂದಲೇ ಕಬ್ಬಿಣದ ಅಂಶದ ಬುತ್ತಿಯನ್ನು ಕಟ್ಟಿಕೊಂಡು ಬರುತ್ತದೆ. ಆ ಬುತ್ತಿ ಸುಮಾರು ಆರು ತಿಂಗಳಿಗೆ ಮುಗಿಯುತ್ತ ಬರುತ್ತದೆ. ಎದೆಹಾಲು ಬೇರೆಲ್ಲ ವಿಷಯಗಳಲ್ಲಿ ಅಮೃತವೇ ಸರಿ. ಆದರೆ ಒಂದು ಲೀಟರ್ ಹಾಲಿನಲ್ಲಿ 1 ಮಿಲಿಗ್ರಾಂ ಕಬ್ಬಿಣವೂ ಇರುವುದಿಲ್ಲ. 7ರಿಂದ 12 ತಿಂಗಳ ಮಗುವಿಗೆ ದಿನಕ್ಕೆ 11 ಮಿಲಿಗ್ರಾಂ ಬೇಕೆಂದು ಅಮೆರಿಕದ ತಜ್ಞರು ನಿಗದಿಪಡಿಸಿದ್ದಾರೆ. ಬೆಳೆದು ನಿಂತ ಗಂಡಸಿಗೆ ಅವರೇ ಹೇಳುವ ಪ್ರಮಾಣ 8 ಮಿಲಿಗ್ರಾಂ! ತೊಡೆಯ ಮೇಲೆ ಮಲಗುವ ಕೂಸು ಈ ಒಂದು ಲೆಕ್ಕದಲ್ಲಿ ತಂದೆಯನ್ನೇ ಮೀರಿಸುತ್ತದೆ. ಕೊರತೆಯಾದರೆ ರಕ್ತಹೀನತೆ ಮಾತ್ರವಲ್ಲ, ಬೆಳೆಯುತ್ತಿರುವ ಮೆದುಳಿಗೂ ಹಾನಿ.

ಈ ಕೊರತೆಯನ್ನು ಬಿಳಿಯ ಗಂಜಿ ತುಂಬಲಾರದು. ಮೂಳೆಯನ್ನು ಗಂಟೆಗಟ್ಟಲೆ ಕುದಿಸಿ ಹಾಲಿನಂತೆ ಬೆಳ್ಳಗೆ ಮಾಡಿದ 'ಗೊಮ್‌ಗುಕ್' ಎಂಬ ಸಾರಿಗೆ ಕೊರಿಯಾದಲ್ಲಿ ಬಲವರ್ಧಕವೆಂಬ ಹಿರಿಮೆ ಇದೆ. ಅದೂ ಇಲ್ಲಿ ಸೋಲುತ್ತದೆ. ಏಕೆಂದರೆ ಕಬ್ಬಿಣದ ಬಹುಪಾಲು ನೀರಿಗಿಳಿಯದೆ ಮಾಂಸದಲ್ಲಿಯೇ ಉಳಿದಿರುತ್ತದೆ. ರುಚಿ ನೀರಿಗೆ ಬಂದಿತೆಂದು ಸತ್ತ್ವವೂ ಬಂದಿತೆಂದು ತಿಳಿಯುವುದು ನಾಲಗೆಯ ಭ್ರಮೆ. ಸಾರಿನಲ್ಲಿ ಸಾರವಿದೆಯೆಂಬ ನಂಬಿಕೆಗೆ ಕನ್ನಡದ ಮಾತೂ ಬೆಂಬಲ ಕೊಡುವಂತಿದೆ. ಆದರೆ ರಕ್ತವು ವ್ಯಾಕರಣವನ್ನು ಕೇಳುವುದಿಲ್ಲ.

ಆದುದರಿಂದಲೇ ಇಂದಿನ ಕೊರಿಯದ ತಾಯಿ ಅಕ್ಕಿಯ ಗಂಜಿಯನ್ನು ಕೆಲವು ದಿನ ತಿನ್ನಿಸಿದೊಡನೆ ಮಾಂಸಕ್ಕೆ ಕೈಹಾಕುತ್ತಾಳೆ. ಕೊಬ್ಬಿಲ್ಲದ ಭಾಗವನ್ನು ಆರಿಸಿ, ಚೆನ್ನಾಗಿ ಬೇಯಿಸಿ, ಬೆಣ್ಣೆಯಂತೆ ರುಬ್ಬುತ್ತಾಳೆ. ದಿನಕ್ಕೆ 10ರಿಂದ 20 ಗ್ರಾಂ ಆರಂಭಕ್ಕೆ ಸಾಕು. ಬೇಯಿಸಿದ ನೀರನ್ನೂ ಚೆಲ್ಲದೆ ಗಂಜಿಗೇ ಎರೆಯುತ್ತಾಳೆ. ಅತ್ತೆಯ ಮಾತಿಗೂ ಅಷ್ಟು ಮರ್ಯಾದೆ ಸಂದಂತಾಯಿತು. ಅನಂತರ ಒಂದೊಂದಾಗಿ ತರಕಾರಿಗಳ ಪ್ರವೇಶ: 'ಏಹೊಬಾಕ್' ಎಂಬ ಎಳೆಯ ಹಸುರು ಕುಂಬಳ, ಎಲೆಕೋಸು, ಗಜ್ಜರಿ, ಪಾಲಕ್ ಸೊಪ್ಪು. ಹೊಸ ಪದಾರ್ಥವೊಂದನ್ನು ಕೊಟ್ಟ ಮೇಲೆ ಎರಡು ಮೂರು ದಿನ ಕಾದು, ಮೈಮೇಲೆ ದದ್ದು ಎದ್ದಿತೇ, ಹೊಟ್ಟೆ ಕೆಟ್ಟಿತೇ ಎಂದು ನೋಡಿ ಮುಂದಿನದಕ್ಕೆ ಹೋಗುತ್ತಾಳೆ. ಮಾಂಸವೂ ತರಕಾರಿಯೂ ಒಂದೇ ಬಟ್ಟಲಿನಲ್ಲಿ ಕೂಡುವುದರಲ್ಲಿ ಒಂದು ಗುಟ್ಟಿದೆ. ಮಾಂಸದ ಕಬ್ಬಿಣ ದೇಹಕ್ಕೆ ಸುಲಭವಾಗಿ ಸೇರುವುದಲ್ಲದೆ, ಜೊತೆಯಲ್ಲಿರುವ ಸೊಪ್ಪುಧಾನ್ಯಗಳ ಕಬ್ಬಿಣವನ್ನೂ ಕೈಹಿಡಿದು ಒಳಗೆ ಕರೆದೊಯ್ಯುತ್ತದೆ. ಉಪ್ಪನ್ನೂ ಸೋಯಾ ರಸವನ್ನೂ ಹಾಕುವುದಿಲ್ಲ. ವರ್ಷ ತುಂಬುವವರೆಗೆ ಜೇನು ಸರ್ವಥಾ ನಿಷಿದ್ಧ. ಅದರಲ್ಲಿ ಇರಬಹುದಾದ ಬೊಟುಲಿನಮ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಎಳೆಗರುಳಿನಲ್ಲಿ ವಿಷವನ್ನು ಹುಟ್ಟಿಸಬಲ್ಲವು.

ಇಷ್ಟು ಹೇಳಿದ ಮಾತ್ರಕ್ಕೆ ಅತ್ತೆ ಅಜ್ಞಾನಿಯೆಂದೂ ಸೊಸೆ ಸರ್ವಜ್ಞೆಯೆಂದೂ ತೀರ್ಮಾನಿಸುವುದು ಅನ್ಯಾಯ. ಇಂದು ಅಜ್ಜಿಯಾಗಿರುವವಳು 1950-53ರ ಯುದ್ಧದ ತರುವಾಯ ಹುಟ್ಟಿದವಳು. ಹಳೆಯ ಅಕ್ಕಿ ತೀರಿ ಹೊಸ ಬಾರ್ಲಿ ಕೈಗೆ ಬರುವ ಮುನ್ನ ಪ್ರತಿ ವಸಂತದಲ್ಲಿಯೂ ಹಸಿವನ್ನು ದಾಟಬೇಕಾಗಿದ್ದ ಕಾಲವನ್ನು 'ಬಾರ್ಲಿಯ ಕಣಿವೆದಾರಿ' ಎಂದು ಆ ಜನ ಕರೆದರು. ಅಂಥ ದಿನಗಳಲ್ಲಿ ಬಿಳಿಯ ಅಕ್ಕಿಯೇ ಭಾಗ್ಯ. ಒಂದು ತುಂಡು ಮಾಂಸ ದೊರೆತರೆ ನೀರು ಹೆಚ್ಚಿಸಿ ಕುದಿಸಿದಾಗ ಮಾತ್ರ ಎಲ್ಲರ ಬಟ್ಟಲಿಗೂ ಅದರ ವಾಸನೆಯಾದರೂ ಮುಟ್ಟುತ್ತಿತ್ತು. ಸಾರದಲ್ಲಿಟ್ಟ ನಂಬಿಕೆ ಬರಿಯ ಮೂಢತನವಲ್ಲ. ಇಲ್ಲದುದನ್ನು ಹಂಚಿಕೊಂಡು ಬದುಕಿದವರ ನೆನಪು.

ಅಲ್ಲದೆ, ಅಳತೆಯ ತಕ್ಕಡಿ ತಿಳಿಸದ ಒಂದು ವಿದ್ಯೆ ಅಜ್ಜಿಯ ಬಳಿ ಇದೆ. ಸೊಸೆ ಗ್ರಾಂ ಲೆಕ್ಕ ಹಾಕಿ ತಯಾರಿಸಿದ ಗಂಜಿಯನ್ನು ಮಗು ಒಂದೇ ಚಮಚಕ್ಕೆ ಉಗುಳಿಬಿಟ್ಟರೆ ಅವಳ ಕಣ್ಣಲ್ಲಿ ನೀರು ತುಂಬುತ್ತದೆ. ಇಷ್ಟು ತೂಕ ಒಳಗೆ ಹೋಗಲೇಬೇಕೆಂಬ ಹಟ ಹುಟ್ಟುತ್ತದೆ. ಅಜ್ಜಿ ಮಾತ್ರ ಚಮಚವನ್ನು ತೆಗೆದಿಟ್ಟು, "ಇಂದು ಬೇಡವೆನ್ನುತ್ತಿದೆ, ನಾಳೆ ನೋಡೋಣ" ಎನ್ನುತ್ತಾಳೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಶಿಶು ಆಹಾರದ ಮಾರ್ಗಸೂಚಿ ಮಾಂಸ, ಮೀನು ಇಲ್ಲವೆ ಮೊಟ್ಟೆ ದಿನವೂ ದೊರೆಯಲಿ ಎಂದು ಸೊಸೆಯ ಪಕ್ಷ ವಹಿಸುತ್ತದೆ. ಮಗುವಿನ ಹಸಿವು ತೃಪ್ತಿಗಳ ಸೂಚನೆಯನ್ನರಿತು ತಿನ್ನಿಸಬೇಕೆಂಬ ಮಾತಿನಲ್ಲಿ ಅದೇ ಮಾರ್ಗಸೂಚಿ ಅಜ್ಜಿಯ ಪಕ್ಷಕ್ಕೆ ಬರುತ್ತದೆ. ಬಟ್ಟಲಿನಲ್ಲಿ ಏನಿರಬೇಕೆಂಬುದನ್ನು ಕಿರಿಯಳಿಂದಲೂ, ಬಟ್ಟಲನ್ನು ಹೇಗೆ ಹಿಡಿಯಬೇಕೆಂಬುದನ್ನು ಹಿರಿಯಳಿಂದಲೂ ಕಲಿತ ಮನೆಯ ಮಗು ಪುಣ್ಯವಂತ.

ಇಂಥ ಅಜ್ಜಿಯ ನೆರವು ಎಲ್ಲ ಮನೆಗಳಿಗೂ ಇಂದು ದೊರೆಯುವುದಿಲ್ಲ. ಗಂಡಹೆಂಡಿರಿಬ್ಬರೂ ದುಡಿಯುವ ಸಂಸಾರಗಳಲ್ಲಿ ವಾರಕ್ಕಾಗುವಷ್ಟು ಮಾಂಸ ತರಕಾರಿಗಳನ್ನು ರಜೆಯ ದಿನವೇ ಬೇಯಿಸಿ, ರುಬ್ಬಿ, ಅಚ್ಚುಗಳಲ್ಲಿ ಹೆಪ್ಪುಗಟ್ಟಿಸಿ ಇಡುತ್ತಾರೆ. ಸಿದ್ಧ ಗಂಜಿಯನ್ನು ಬಾಗಿಲಿಗೇ ತಂದೊಪ್ಪಿಸುವ ವ್ಯಾಪಾರವೂ ಉಂಟು. ದಕ್ಷಿಣ ಕೊರಿಯಾದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ ಮಕ್ಕಳ ಸಂಖ್ಯೆ 2023ರಲ್ಲಿ 0.72ಕ್ಕೆ ಇಳಿಯಿತು. ಮಕ್ಕಳು ವಿರಳವಾದ ನಾಡಿನಲ್ಲಿ ಒಂದು ಚಮಚ ಗಂಜಿಯ ಮೇಲೆ ಎಷ್ಟು ಕಣ್ಣುಗಳು, ಎಷ್ಟು ಅಂಜಿಕೆಗಳು ನೆಟ್ಟಿರುವುವೋ ಊಹಿಸಬಹುದು.

ಗಂಜಿಗಾದರೋ ಈ ಆತಂಕ ತಿಳಿಯದು. ಅದು ತನ್ನ ಪಾಡಿಗೆ ತಾನು ಗಟ್ಟಿಯಾಗುತ್ತ ಹೋಗುತ್ತದೆ. 10 ಪಾಲಿದ್ದ ನೀರು 7ಕ್ಕೆ, 5ಕ್ಕೆ ಇಳಿಯುತ್ತದೆ. ನುಣ್ಣಗಿದ್ದ ಅಕ್ಕಿ ನುಚ್ಚಾಗುತ್ತದೆ, ನುಚ್ಚು ಅಗುಳಾಗುತ್ತದೆ. ವರ್ಷ ತುಂಬುವ ಹೊತ್ತಿಗೆ ಬಟ್ಟಲಿನಲ್ಲಿರುವುದು ಮೆತ್ತನೆಯ ಅನ್ನ. ಬೇರೆ ಅಡಿಗೆಗಳು ಮತ್ತೆ ಮತ್ತೆ ಬೇಕೆನಿಸಿದರೆ ಗೆದ್ದಂತೆ. ಈ ಗಂಜಿ ಬೇಡವೆನಿಸಿದ ದಿನ ಗೆದ್ದಂತೆ. ಅಂದು ತಾಯಿಗೆ ಸಂತೋಷದೊಡನೆ ಸಣ್ಣದೊಂದು ನೋವೂ ಆದರೆ ಆಶ್ಚರ್ಯವಿಲ್ಲ. ಅಗಲಿಕೆಯೆಂಬ ಅರ್ಥ ಆ ಆಹಾರದ ಹೆಸರಿನಲ್ಲಿಯೇ ಇದೆಯಷ್ಟೆ.