ಮನೆಯಲ್ಲಿ 'ಸುಮ್ಮನೆ' ಇರುವವಳು

ಕನ್ನಡದಲ್ಲಿ 'ಸುಮ್ಮನೆ' ಎಂಬ ಮಾತಿಗೆ ಹಲವು ಅರ್ಥಗಳಿವೆ. ಮಾತಾಡದೆ ಇರುವುದೂ ಸುಮ್ಮನೆ, ಕೆಲಸವಿಲ್ಲದೆ ಇರುವುದೂ ಸುಮ್ಮನೆ, ಕಾರಣವಿಲ್ಲದೆ ಮಾಡಿದ್ದೂ ಸುಮ್ಮನೆ. ಎರಡೂವರೆ ವರ್ಷಗಳಿಂದ ಈ ಮಾತು ನನ್ನನ್ನು ಬಿಡದೆ ಹಿಂಬಾಲಿಸುತ್ತಿದೆ. ಮದುವೆ ಮನೆಗಳಲ್ಲಿ ಹಳೆಯ ಪರಿಚಯದವರು ಸಿಕ್ಕರೆ "ಈಗ ಯಾವ ಶಾಲೆಯಲ್ಲಿದ್ದೀರಿ?" ಎಂದು ಕೇಳುತ್ತಾರೆ. "ಬಿಟ್ಟಿದ್ದೇನೆ, ಸಣ್ಣ ಮಗು ಇದೆ" ಎಂದರೆ "ಹಾಗಾದ್ರೆ ಮನೇಲಿ ಸುಮ್ನೆ ಇದೀರಿ" ಎಂದು ಅವರೇ ಉತ್ತರವನ್ನು ಪೂರ್ತಿ ಮಾಡುತ್ತಾರೆ. ಅವರಲ್ಲಿ ಕೆಟ್ಟ ಉದ್ದೇಶವಿಲ್ಲ. ನಾಲ್ಕನೆಯ ಅರ್ಥವೊಂದು ಯಾರಿಗೂ ಹೊಳೆದಿಲ್ಲ, ಅಷ್ಟೆ.

ನಾನು ದಾವಣಗೆರೆಯವಳು. ಉರ್ದು ಶಾಲೆಯಲ್ಲಿ ಅಕ್ಷರ ಕಲಿತು, ಹೈಸ್ಕೂಲಿಗೆ ಕನ್ನಡಕ್ಕೆ ಬಂದೆ. ಮುಂದೆ ಖಾಸಗಿ ಶಾಲೆಯೊಂದರಲ್ಲಿ ಹದಿನೈದು ವರ್ಷ ಕನ್ನಡ ಕಲಿಸಿದೆ, ನಡುನಡುವೆ ಕಥೆಗಳನ್ನೂ ಬರೆದೆ. ಮಗಳು ಹುಟ್ಟಿ ಹದಿಮೂರು ವರ್ಷಗಳಾದ ಮೇಲೆ, ನನ್ನ ನಲವತ್ತೊಂದನೆಯ ವಯಸ್ಸಿನಲ್ಲಿ ಮಗ ಹುಟ್ಟಿದ. ಮಗಳ ಕಾಲಕ್ಕೆ ನಮ್ಮದು ಕೂಡು ಕುಟುಂಬ. ಅತ್ತೆ, ಇಬ್ಬರು ನಾದಿನಿಯರು, ಪಕ್ಕದ ಮನೆಯ ಖಾಲಾ ಇದ್ದರು. ಮಗು ಕೈಯಿಂದ ಕೈಗೆ ಹೋಗುತ್ತಾ ಬೆಳೆಯಿತು. ಆರೇ ತಿಂಗಳಿಗೆ ನಾನು ಶಾಲೆಗೆ ಮರಳಿದ್ದೆ. ಈಗ ನಾದಿನಿಯರು ಅವರವರ ಮನೆಗಳಲ್ಲಿದ್ದಾರೆ. ಅತ್ತೆಯವರ ಮೊಣಕಾಲು ನಮ್ಮ ಬಾಡಿಗೆ ಮನೆಯ ಮೆಟ್ಟಿಲು ಹತ್ತಲು ಒಪ್ಪುವುದಿಲ್ಲ, ಅವರು ಹಿರಿಯ ಮಗನ ಮನೆಯಲ್ಲಿದ್ದಾರೆ. ಖಾಲಾ ತೀರಿಕೊಂಡರು. ಹೀಗೆ ಎಂಟು ಕೈಗಳು ಮಾಡುತ್ತಿದ್ದ ಕೆಲಸ ಎರಡು ಕೈಗಳಿಗೆ ಬಂದಿದೆ.

ದಿನ ಫಜ್ರ್ ನಮಾಜಿನೊಂದಿಗೆ ಶುರುವಾಗುತ್ತದೆ. ನಾನು ಸಜ್ದಾಕ್ಕೆ ಬಾಗಿದ ಕೂಡಲೇ ಮಗ ಬೆನ್ನೇರುತ್ತಾನೆ. ಮೊಮ್ಮಗ ಬೆನ್ನೇರಿದಾಗ ಪ್ರವಾದಿಯವರು ಅವನನ್ನು ಇಳಿಸದೆ ಸಜ್ದಾವನ್ನೇ ದೀರ್ಘಗೊಳಿಸಿದರೆಂಬ ಹದೀಸನ್ನು ನೆನೆದು ನಾನೂ ಕಾಯುತ್ತೇನೆ. ಆಮೇಲೆ ರಾಗಿ ಗಂಜಿ. ಎರಡು ಚಮಚ ಹೊಟ್ಟೆಗೆ ಹೋದರೆ ಒಂದು ಅಂಗಿಗೆ, ಒಂದು ನೆಲಕ್ಕೆ. ಎಲ್ಲದಕ್ಕೂ ಅವನದು ಒಂದೇ ಉತ್ತರ, 'ನಕ್ಕೋ.' ಸ್ನಾನ ನಕ್ಕೋ, ಚಡ್ಡಿ ನಕ್ಕೋ, ಊಟ ನಕ್ಕೋ. ಬೇಕಾಗಿರುವುದು ಗ್ಯಾಸ್ ಒಲೆಯ ಗುಂಡಿ, ಅಕ್ಕನ ಜಾಮಿಟ್ರಿ ಬಾಕ್ಸು, ನೀರು ತುಂಬಿದ ಬಕೆಟ್ಟು. ನಲ್ಲಿಯಲ್ಲಿ ನೀರು ಬರುವ ದಿನ ಕೊಡಗಳನ್ನು ತುಂಬಿಸುತ್ತಾ ಒಂದು ಕಣ್ಣನ್ನು ಅವನ ಮೇಲೆ ಇಟ್ಟಿರಬೇಕು. ಬಕೆಟ್ಟಿನಲ್ಲಿ ಒಂದು ಗೇಣು ನೀರಿದ್ದರೂ ಇಷ್ಟು ಸಣ್ಣ ಮಗುವಿಗೆ ಅಪಾಯವೇ. ಆದ್ದರಿಂದ ದಿನವಿಡೀ ನಾನು ಮಾಡುವ ದೊಡ್ಡ ಕೆಲಸವೆಂದರೆ ಏನೂ ಆಗದಂತೆ ನೋಡಿಕೊಳ್ಳುವುದು. ಸಂಜೆ ಮನೆಗೆ ಬಂದವರಿಗೆ ಏನೂ ಆಗಿಲ್ಲದ್ದು ಕಾಣುವುದಿಲ್ಲ, ನೆಲದ ಮೇಲೆ ಚೆಲ್ಲಿದ ಅನ್ನ ಮಾತ್ರ ಕಾಣುತ್ತದೆ.

ಸಂತೋಷ ಇಲ್ಲವೆಂದಲ್ಲ. ನನ್ನ ಬಳಿ 'ಪಾನಿ' ಕೇಳುವ ಮಗ ಕೆಳಗಿನ ಮನೆಯ ಅಜ್ಜಿಯ ಹತ್ತಿರ 'ನೀಉ' ಎನ್ನುತ್ತಾನೆ. ಯಾರೂ ಹೇಳಿಕೊಡಲಿಲ್ಲ. ಯಾವ ಮುಖಕ್ಕೆ ಯಾವ ಮಾತು ಎಂದು ಅವನೇ ಗೊತ್ತುಮಾಡಿಕೊಂಡ. ಎರಡು ಭಾಷೆಗಳ ನಡುವೆ ಓಡಾಡಲು ನಾನು ಹೈಸ್ಕೂಲಿನವರೆಗೆ ಕಾಯಬೇಕಾಯಿತು, ಅವನು ಮೆಟ್ಟಿಲ ಮೇಲೇ ಕಲಿತುಬಿಟ್ಟ. ಮನೆಯಲ್ಲಿ ಇರದಿದ್ದರೆ ಇದನ್ನು ನಾನು ನೋಡುತ್ತಿರಲಿಲ್ಲ.

ಮಧ್ಯಾಹ್ನ ಅವನು ಒಂದೂವರೆ ಗಂಟೆ ಮಲಗುತ್ತಾನೆ. ಪಾತ್ರೆ, ಒಗೆದ ಬಟ್ಟೆ, ಜೊಹರ್ ನಮಾಜು, ನನ್ನ ಊಟ, ನನ್ನ ಕಥೆ ಎಲ್ಲವೂ ಅದರೊಳಗೇ ಆಗಬೇಕು. ಕಥೆಯ ಸರದಿ ಕೊನೆಗೆ. ಪೆನ್ನಿನ ಮುಚ್ಚಳ ತೆಗೆಯುವ ಹೊತ್ತಿಗೆ ಒಳಗಿನಿಂದ 'ಅಮ್ಮೀ' ಎಂಬ ಕೂಗು ಬಂದಿರುತ್ತದೆ. ಮೊಬೈಲ್ ಕೈಗೆ ಕೊಟ್ಟರೆ ಇನ್ನೊಂದು ಗಂಟೆ ಸಿಗುತ್ತದೆಂದು ಅನೇಕರು ಸಲಹೆ ಕೊಟ್ಟಿದ್ದಾರೆ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕೂರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಸರಿಯಾದ ಮಾತೇ. ಆದರೆ ಪರದೆಯ ಬದಲು ಮಗುವಿನ ಮುಂದೆ ಒಬ್ಬ ಮನುಷ್ಯ ಕೂರಬೇಕಲ್ಲ, ಆ ಮನುಷ್ಯ ಯಾರು? ಕೇಳುವ ಅಗತ್ಯವೇ ಇಲ್ಲ ಎಂಬಂತೆ ಎಲ್ಲರೂ ತಾಯಿಯ ಕಡೆ ನೋಡುತ್ತಾರೆ.

ಈ ಸಮಯವನ್ನು ಸರ್ಕಾರ ಒಮ್ಮೆ ಲೆಕ್ಕ ಹಾಕಿದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಬೆಳಗಿನ ನಾಲ್ಕರಿಂದ ಮರುದಿನ ಬೆಳಗಿನ ನಾಲ್ಕರವರೆಗೆ, ಅರ್ಧರ್ಧ ಗಂಟೆಯಲ್ಲಿ ಏನು ಮಾಡಿದಿರಿ ಎಂದು ಕೇಳಲಾಯಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಅದಕ್ಕೆ ಕೊಟ್ಟರೆ, ಗಂಡಸರು ಕೊಟ್ಟದ್ದು 97 ನಿಮಿಷ. 2024ರಲ್ಲಿ ಸಮೀಕ್ಷೆ ಮತ್ತೆ ನಡೆಯಿತು. 15ರಿಂದ 59 ವರ್ಷದವರಲ್ಲಿ ಮನೆಮಂದಿಯ ಆರೈಕೆಗೆ ಕೈಹಾಕಿದ ಹೆಂಗಸರು ಶೇ. 41, ಗಂಡಸರು ಶೇ. 21.4. ಹಾಗೆ ಕೈಹಾಕಿದವರಲ್ಲೂ ಹೆಂಗಸರು 140 ನಿಮಿಷ, ಗಂಡಸರು 74 ನಿಮಿಷ ಕೊಟ್ಟಿದ್ದರು.

ಸಮಯಕ್ಕೆ ಲೆಕ್ಕ ಸಿಕ್ಕಿತು. ಬೆಲೆ? ಅದನ್ನು ಕಟ್ಟುವ ಜಾಗವೊಂದಿದೆ, ರಸ್ತೆ ಅಪಘಾತದ ಪರಿಹಾರ ನಿರ್ಧರಿಸುವ ನ್ಯಾಯಾಲಯ. ಗೃಹಿಣಿಯೊಬ್ಬಳು ಅಪಘಾತದಲ್ಲಿ ತೀರಿಕೊಂಡರೆ ಅವಳ ಆದಾಯ ಎಷ್ಟಿತ್ತೆಂದು ಊಹಿಸಿ ಪರಿಹಾರ ಕೊಡಬೇಕಾಗುತ್ತದೆ. ಅಂಥದೊಂದು ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು, ಜನಗಣತಿಯಲ್ಲಿ ಗೃಹಿಣಿಯರನ್ನು ಭಿಕ್ಷುಕರು ಮತ್ತು ಕೈದಿಗಳ ಜೊತೆ ಒಂದೇ ಗುಂಪಿಗೆ ಸೇರಿಸಿದ್ದನ್ನು ಕಟುವಾಗಿ ಟೀಕಿಸಿತು. 2021ರ ಜನವರಿಯಲ್ಲಿ ಇನ್ನೊಂದು ತೀರ್ಪಿನಲ್ಲಿ ಅದೇ ನ್ಯಾಯಾಲಯ ಗೃಹಿಣಿಯ ದುಡಿಮೆ ದೇಶದ ಆರ್ಥಿಕತೆಗೆ ಕೊಡುಗೆಯೇ ಎಂದು ಸ್ಪಷ್ಟಪಡಿಸಿತು. ಓದಿ ಸಮಾಧಾನವಾಯಿತು, ಜೊತೆಗೆ ಸಂಕಟವೂ ಆಯಿತು. ಸತ್ತ ಮೇಲೆ ಸಿಗುವ ಈ ಲೆಕ್ಕ ಬದುಕಿದ್ದಾಗ ಏಕೆ ಸಿಗುವುದಿಲ್ಲ?

ನಮ್ಮ ರಾಜ್ಯದಲ್ಲಿ 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾದಾಗ ತಿಂಗಳಿಗೆ 2000 ರೂಪಾಯಿ ಹೆಂಗಸರ ಖಾತೆಗೇ ಬಂತು. ಅದು ಸಣ್ಣ ಸಂಗತಿಯಲ್ಲ. ಆದರೆ ಅದು ರೇಷನ್ ಕಾರ್ಡಿನಲ್ಲಿ ಯಜಮಾನಿ ಎಂದು ಹೆಸರಿರುವವಳಿಗೆ. ನಮ್ಮ ಓಣಿಯ ಬಹಳ ಮನೆಗಳಲ್ಲಿ ಆ ಹೆಸರು ಅತ್ತೆಯದು. ಕಂಕುಳಲ್ಲಿ ಮಗು, ಒಲೆಯ ಮೇಲೆ ಅನ್ನ ಇಟ್ಟುಕೊಂಡ ಸೊಸೆ ಹತ್ತು ರೂಪಾಯಿಗೂ ಕೈಚಾಚಬೇಕು. ಎಳೆಯ ತಾಯಂದಿರ ದುಡಿಮೆ ಇಲ್ಲಿಯೂ ಇನ್ನೊಬ್ಬರ ಹೆಸರಿನ ನೆರಳಿನಲ್ಲೇ ಉಳಿಯಿತು.

ಇನ್ನು ನಮ್ಮ ಸಮುದಾಯದ ಮಾತು. ತಾಯಿಯನ್ನು ಹೊಗಳುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಯಾವ ಜಲ್ಸಾದಲ್ಲಿ ಕುಳಿತರೂ ತಾಯಿಯ ಪಾದದ ಕೆಳಗಿನ ಸ್ವರ್ಗದ ಮಾತು ಬರುತ್ತದೆ, ಹೆಂಗಸರ ಕಣ್ಣು ಒದ್ದೆಯಾಗುತ್ತದೆ. ಆದರೆ ಕುರ್‌ಆನಿನ ಎರಡನೆಯ ಅಧ್ಯಾಯದಲ್ಲಿ ಹಾಲೂಡಿಸುವ ಪೂರ್ಣ ಎರಡು ವರ್ಷಗಳ ಪ್ರಸ್ತಾಪ ಬಂದಾಗ, ಅದರ ಜೊತೆಗೇ ತಾಯಿಯ ಅನ್ನ ಬಟ್ಟೆಯ ಹೊಣೆಯನ್ನು ತಂದೆಯ ಮೇಲೆ ಹೊರಿಸಲಾಗಿದೆ. ಹಾಲು ಬಿಡಿಸುವುದನ್ನು ಇಬ್ಬರೂ ಸಮಾಲೋಚಿಸಿ ಒಪ್ಪಿ ಮಾಡಬೇಕೆಂದಿದೆ. ಮಗುವಿನ ಕಾರಣಕ್ಕೆ ತಾಯಿಗೆ ತೊಂದರೆಯಾಗಬಾರದೆಂದೂ ಇದೆ. ಪ್ರವಾದಿಯವರು ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರೆಂದು ಹಜ್ರತ್ ಆಯಿಷಾ ಅವರು ಹೇಳಿದ್ದೂ ದಾಖಲಾಗಿದೆ. ಸ್ವರ್ಗದ ಮಾತನ್ನು ಹೆಂಗಸರಿಗೆ ಹೇಳುವ ನಮ್ಮ ಭಾಷಣಕಾರರು ಈ ಮಾತುಗಳನ್ನು ಗಂಡಸರಿಗೆ ಅಷ್ಟೇ ಗಟ್ಟಿಯಾಗಿ ಏಕೆ ಹೇಳುವುದಿಲ್ಲ? ಹೊಗಳಿಕೆಗೆ ಖರ್ಚಿಲ್ಲ. ಹೊಣೆ ಹಂಚಿಕೊಂಡರೆ ಗಂಟೆಗಳು ಖರ್ಚಾಗುತ್ತವೆ.

ಹೀಗೆ ಬರೆಯುವಾಗ ಮಂಡಕ್ಕಿ ಭಟ್ಟಿಗಳ ಹೆಂಗಸರು ಕಣ್ಣೆದುರು ಬರುತ್ತಾರೆ. ದಾವಣಗೆರೆಯ ಮಂಡಕ್ಕಿಯ ರುಚಿ ಎಲ್ಲರಿಗೂ ಗೊತ್ತು, ಅದು ಅರಳುವ ಜಾಗದ ಹೊಗೆ ಮತ್ತು ಬಿಸಿ ಎಲ್ಲರಿಗೂ ಗೊತ್ತಿಲ್ಲ. ಅಲ್ಲಿ ದುಡಿಯುವ ಒಬ್ಬಾಕೆ ನನ್ನ ಹಳೆಯ ವಿದ್ಯಾರ್ಥಿಯ ತಾಯಿ, ಅವಳ ಕಿರಿಯ ಮಗುವಿಗೂ ಎರಡೇ ವರ್ಷ. "ಆಪಾ, ನಿಮಗೆ ಮಗು ಬಿಟ್ಟು ಕೆಲಸ ಮಾಡೋಕೆ ಟೈಮಿಲ್ಲ, ನನಗೆ ಕೆಲಸ ಬಿಟ್ಟು ಮಗು ನೋಡೋಕೆ ಟೈಮಿಲ್ಲ" ಎಂದು ಅವಳು ನಕ್ಕಳು. ನಾನು ಮನೆಯಲ್ಲಿರುವುದು ಗಂಡನ ಸಂಬಳದ ಬಲದಿಂದ. ಆ ಬಲವಿಲ್ಲದವಳ ಮಗು ಚೀಲಗಳ ಪಕ್ಕದಲ್ಲಿ ಮಲಗುತ್ತದೆ. ಅಂಗನವಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಲಿಸುವುದು ಮೂರು ವರ್ಷ ತುಂಬಿದ ಮೇಲೆ, ಅದಕ್ಕೂ ಸಣ್ಣವರಿಗೆ ಸಿಗುವುದು ಮನೆಗೆ ಕೊಡುವ ಆಹಾರದ ಪೊಟ್ಟಣ. ಮಗು ಅತಿ ಹೆಚ್ಚು ಕೈಗಳನ್ನು ಬೇಡುವ ಆ ಮೂರು ವರ್ಷಗಳು ತಾಯಿಗೇ ಬಿಟ್ಟದ್ದು. ಅವಳಿಂದಾಗದಿದ್ದರೆ ದೊಡ್ಡ ಮಗಳು ಇದ್ದಾಳಲ್ಲ! ತಮ್ಮನನ್ನು ನೋಡಿಕೊಳ್ಳಲೆಂದು ಶಾಲೆಗೆ ವಾರಗಟ್ಟಲೆ ಬಾರದ ಹುಡುಗಿಯರ ಹೆಸರನ್ನು ನಾನೇ ಹಾಜರಿ ಪುಸ್ತಕದಲ್ಲಿ ಕೂಗಿದ್ದೇನೆ. ಆದ್ದರಿಂದ ನಮ್ಮ ಮನೆಯಲ್ಲಿ ಒಂದು ಮಾತು ಗಟ್ಟಿಯಾಗಿದೆ. ಹತ್ತನೆಯ ತರಗತಿಯ ಮಗಳು ತಮ್ಮನೊಂದಿಗೆ ಆಡಬಹುದು, ಅವನ ಆಯಾ ಆಗಬಾರದು.

ಹಾಗಾದರೆ ಇನ್ಯಾರು? ನನ್ನವರದು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಸಮೀಕ್ಷೆಯ ಸುದ್ದಿ ಓದಿದ ರಾತ್ರಿ "ನನ್ನ ದಿನದ್ದೂ ಒಮ್ಮೆ ಲೆಕ್ಕ ಬರೆಯಿರಿ" ಎಂದೆ. ತಮಾಷೆಗೆಂದು ಹಳೆಯ ಖಾತೆ ಪುಸ್ತಕ ತೆಗೆದುಕೊಂಡು ಕೂತರು. ನಾನು ಹೇಳುತ್ತಾ ಹೋದೆ, ಅವರು ಅರ್ಧರ್ಧ ಗಂಟೆಗೆ ಒಂದು ಸಾಲಿನಂತೆ ಬರೆಯುತ್ತಾ ಹೋದರು. ಮಧ್ಯಾಹ್ನ ಹನ್ನೆರಡಕ್ಕೇ ಹಾಳೆ ತುಂಬಿತು. ಒಂದೊಂದು ಸಾಲಿನಲ್ಲಿ ಮೂರು ಮೂರು ಕೆಲಸ. ಪೆನ್ನು ಕೆಳಗಿಟ್ಟು, "ಇದರಲ್ಲಿ ಖರ್ಚೇ ಇದೆ, ಜಮಾ ಎಲ್ಲಿ?" ಎಂದರು. ಅಂದಿನಿಂದ ಇಶಾ ನಮಾಜಿನ ನಂತರ ಮಗನ ಊಟ ಮತ್ತು ನಿದ್ದೆ ಅವರದು. ಭಾನುವಾರ ಬೆಳಿಗ್ಗೆ ಎರಡು ಗಂಟೆ ಅವನನ್ನು ಹೊರಗೆ ಕರೆದುಕೊಂಡು ಹೋಗುವುದೂ ಅವರದೇ. ಇದಕ್ಕೆ 'ಸಹಾಯ' ಎಂಬ ಪದ ಬಳಸಬಾರದೆಂದು ನಮ್ಮಲ್ಲಿ ಒಪ್ಪಂದ. ತನ್ನ ಮಗನನ್ನು ತಾನು ನೋಡಿಕೊಳ್ಳುವುದು ಯಾರಿಗೆ ಸಹಾಯ?

ಓಣಿಯವರಿಗೆ ಮಾತ್ರ ಅಚ್ಚರಿ. ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಪಾರ್ಕಿಗೆ ಹೊರಟ ನನ್ನವರನ್ನು ಕಂಡು "ಎಂಥ ಒಳ್ಳೆ ಗಂಡ ಸಿಕ್ಕಿದಾನೆ ನಿಮಗೆ" ಎಂದು ಇಬ್ಬರು ಹೇಳಿದರು. ವಾರದ ಉಳಿದ ದಿನ ಅದೇ ಮಗುವನ್ನು ಎತ್ತಿಕೊಂಡು ತರಕಾರಿ ಚೀಲದೊಂದಿಗೆ ಮೆಟ್ಟಿಲು ಹತ್ತುವ ನನ್ನನ್ನು ನೋಡಿ "ಎಂಥ ಒಳ್ಳೆ ಹೆಂಡತಿ" ಎಂದವರು ಇನ್ನೂ ಸಿಕ್ಕಿಲ್ಲ. ಸಿಗುವುದೂ ಬೇಡ. ಇಬ್ಬರಿಗೂ ಹೊಗಳಿಕೆ ಬೇಡದಷ್ಟು ಇದು ಮಾಮೂಲಿಯಾದರೆ ಸಾಕು.

ನಮ್ಮ ಸಾರಾ ಅಬೂಬಕ್ಕರ್ ಅವರು 1936ರಲ್ಲಿ ಹುಟ್ಟಿದವರು, ನಾಲ್ವರು ಗಂಡುಮಕ್ಕಳ ತಾಯಿ. ಅವರ ಮೊದಲ ಲೇಖನ ಅಚ್ಚಾದದ್ದು 1981ರಲ್ಲಿ, ಲಂಕೇಶ್ ಪತ್ರಿಕೆಯಲ್ಲಿ. ಆಗ ಅವರ ವಯಸ್ಸು ನಲವತ್ತು ದಾಟಿತ್ತು. ತಡವಾಗಿಯಾದರೂ ಬರೆದರಲ್ಲ ಎಂದು ನಾವು ಹೆಮ್ಮೆಪಡುತ್ತೇವೆ. ಬರೆಯಬಲ್ಲವಳಾಗಿದ್ದೂ ಆ ವಯಸ್ಸಿನಲ್ಲೂ ಹೊತ್ತು ಸಿಗದೆ ಹೋದವರು ಎಷ್ಟು ಮಂದಿ? ಅವರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಬರೆಯುವುದಷ್ಟೇ ಅಲ್ಲ, ಹೊಲಿಗೆ, ಓದು, ವ್ಯಾಪಾರ ಅಥವಾ ಬರಿದೇ ಕಿಟಕಿಯ ಬಳಿ ಕುಳಿತು ಚಹಾ ಕುಡಿಯುವುದು, ಯಾವುದೇ ಇರಲಿ, ತಾಯಿಯೊಬ್ಬಳಿಗೆ ತನ್ನದೆನ್ನುವ ಒಂದು ಗಂಟೆ ಬೇಕು.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೋರಿಕೆ. ಸಣ್ಣ ಮಗುವಿರುವ ಮನೆಗೆ ಹೋಗುವಾಗ ನಾವು ಬಿಸ್ಕತ್ತು, ಬಾಳೆಹಣ್ಣು ಕೊಂಡೊಯ್ಯುತ್ತೇವೆ. ಅದರ ಜೊತೆ ಒಂದು ಗಂಟೆಯನ್ನೂ ಕೊಂಡೊಯ್ಯಿರಿ. "ಮಗುವನ್ನು ನಾನು ನೋಡಿಕೊಳ್ತೀನಮ್ಮ, ನೀನು ಹೋಗು" ಎನ್ನಿ. ಎಲ್ಲಿಗೆಂದು ಕೇಳಬೇಡಿ. ಮಂಡಕ್ಕಿ ಭಟ್ಟಿಯ ಆ ತಾಯಿಯನ್ನು ಕುರಿತ ನನ್ನ ಕಥೆ ಇಂಥ ಗಂಟೆಗಳಲ್ಲೇ ನಾಲ್ಕು ಪುಟ ಆಗಿದೆ. ಐದನೆಯದಕ್ಕೆ ಭಾನುವಾರ ಬರಬೇಕು.